ಅಮ್ಮನಿಗೆ ಶಿರಾಡಿ ಘಾಟಿಯಲ್ಲೇ ವಾಂತಿ, ಅಂಡಮಾನಿನಲ್ಲಿ ದೋಣಿ ಹತ್ತಿಸಬಹುದೇ?

ಪ್ರಶ್ನೆ: ಸರ್, ನಾವು ರಾಜಾಜಿನಗರದವರು. ಡಿಸೆಂಬರ್ ಕೊನೆ ವಾರ ಅಂಡಮಾನಿಗೆ ಹೋಗಬೇಕು ಅಂದುಕೊಂಡಿದ್ದೇವೆ. ನಾನು, ನಮ್ಮ ಯಜಮಾನರು, 6 ವರ್ಷದ ಮಗ, ಅಪ್ಪ, ಅಮ್ಮ. ಒಟ್ಟು 5 ರಾತ್ರಿ. ಅಪ್ಪನಿಗೆ 71 ವರ್ಷ, ಹೋದ ವರ್ಷ ಸ್ಟೆಂಟ್ ಹಾಕಿದ್ದಾರೆ. ಅಮ್ಮನಿಗೆ ಶಿರಾಡಿ ಘಾಟಿ ಇಳಿಯುವಾಗಲೇ ವಾಂತಿ ಶುರುವಾಗುತ್ತದೆ. ಏಜೆಂಟ್ ಕೊಟ್ಟಿರುವ ಪ್ಲಾನ್ ಹೀಗಿದೆ: ಪೋರ್ಟ್ ಬ್ಲೇರ್‌ನಿಂದ ಹ್ಯಾವ್‌ಲಾಕ್, ಅಲ್ಲಿಂದ ನೀಲ್. ಕೊನೆ ದಿನ ಬೆಳಿಗ್ಗೆ ನೀಲ್‌ನಿಂದ ದೋಣಿಯಲ್ಲಿ ವಾಪಸ್, ಅದೇ ಮಧ್ಯಾಹ್ನ ಬೆಂಗಳೂರಿಗೆ ವಿಮಾನ. ಮೇಲಿನ ಮಹಡಿಯ ದುಬಾರಿ ಸೀಟು ತಗೊಂಡರೆ ಅಲುಗಾಟವೇ ಗೊತ್ತಾಗುವುದಿಲ್ಲ ಎನ್ನುತ್ತಾರೆ. ನಮ್ಮ ಭಾವ, ಅಲ್ಲಿ ನೀರಿನ ಮೇಲೆ ಇಳಿಯುವ ವಿಮಾನ ಇದೆ, ಹೆಲಿಕಾಪ್ಟರೂ ಇದೆ, ದೋಣಿ ಯಾಕೆ ಎನ್ನುತ್ತಾರೆ. ಪಕ್ಕದ ಮನೆಯವರು ಅಲ್ಲಿ ದೋಣಿ ಮುಳುಗಿ ಜನ ಸತ್ತ ಸುದ್ದಿ ನೆನಪಿಸಿದ್ದಾರೆ. ಯಜಮಾನರು, ಇಷ್ಟೆಲ್ಲ ತಲೆನೋವು ಬೇಡ, ಲಕ್ಷದ್ವೀಪಕ್ಕೆ ಹೋಗೋಣ ಎನ್ನುತ್ತಿದ್ದಾರೆ. ಸಿಗಂದೂರಿನ ಲಾಂಚ್ ಬಿಟ್ಟರೆ ನಾವು ಯಾರೂ ನೀರಿನ ಮೇಲೆ ಹೋದವರಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿವೆ. ಆದರೆ ನನ್ನ ಕಣ್ಣು ನಿಂತಿದ್ದು ನೀವು ಪ್ರಶ್ನೆಯನ್ನೇ ಕೇಳದ ಒಂದು ಸಾಲಿನ ಮೇಲೆ. ಕೊನೆ ದಿನ ಬೆಳಿಗ್ಗೆ ದೋಣಿ, ಅದೇ ಮಧ್ಯಾಹ್ನ ವಿಮಾನ. ಅದನ್ನು ಇವತ್ತೇ ಬದಲಾಯಿಸಿ. ಅಮ್ಮನ ವಾಂತಿ, ಅಪ್ಪನ ಸ್ಟೆಂಟ್, ಮುಳುಗುವ ಭಯ ಎಲ್ಲಕ್ಕೂ ದಾರಿ ಇದೆ. ಆ ಸಾಲಿಗೆ ಮಾತ್ರ ಇಲ್ಲ.

ಯಾಕೆ ಅಂತ ಹೇಳುತ್ತೇನೆ. ನಾನು ಹೊನ್ನಾವರದ ಕಡೆಯವನು. ಸುಮಾರು ಮೂವತ್ತು ವರ್ಷ ಹಡಗಿನಲ್ಲಿ ಕೆಲಸ ಮಾಡಿದ್ದೇನೆ, ಅದರಲ್ಲಿ ಕೆಲವು ವರ್ಷ ದ್ವೀಪಗಳ ನಡುವೆ ಜನರನ್ನು ಸಾಗಿಸುವ ಹಡಗುಗಳಲ್ಲಿ. ಈಗ ಬನಶಂಕರಿಯಲ್ಲಿ ಕೂತು ನಿಮ್ಮಂಥವರ ಪತ್ರ ಓದುತ್ತೇನೆ. ಬೆಂಗಳೂರಿನವರಿಗೆ ಪ್ರಯಾಣ ಅಂದರೆ ರಸ್ತೆ. ಮೈಸೂರಿನ ಬಸ್ಸು ತಪ್ಪಿದರೆ ಹತ್ತು ನಿಮಿಷಕ್ಕೆ ಇನ್ನೊಂದು. ಟ್ರಾಫಿಕ್ ಇದ್ದರೆ ಒಂದು ಗಂಟೆ ಮುಂಚೆ ಹೊರಟರಾಯಿತು. ಕಡಲು ಹಾಗಲ್ಲ. ಗಾಳಿ ಜೋರಾಗಿದೆ ಅಂತ ಬಂದರಿನವರು ತೀರ್ಮಾನ ಮಾಡಿದರೆ ಅವತ್ತು ದೋಣಿ ಇಲ್ಲ. ಮುಂಚೆ ಹೊರಟರೂ ಇಲ್ಲ, ದುಡ್ಡು ಜಾಸ್ತಿ ಕೊಟ್ಟರೂ ಇಲ್ಲ. ಮಾರನೆಯ ದಿನ ಬಿಟ್ಟರೂ ಎರಡು ದಿನದ ಜನ ಒಟ್ಟಿಗೆ ಧಕ್ಕೆಗೆ ಬಂದಿರುತ್ತಾರೆ.

2016ರ ಡಿಸೆಂಬರ್ ಮೊದಲ ವಾರ ಹೀಗೇ ಆಯಿತು. ಬಂಗಾಳ ಕೊಲ್ಲಿಯಲ್ಲಿ ಹವಾಮಾನ ಕೆಟ್ಟು ಹ್ಯಾವ್‌ಲಾಕ್, ನೀಲ್ ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಹಾಕಿಕೊಂಡರು. ಕೊನೆಗೆ ನೌಕಾಪಡೆಯ ಹಡಗುಗಳು ಹೋಗಬೇಕಾಯಿತು. ಆ ದಿನ ನನಗೆ ಮಲ್ಲೇಶ್ವರದ ಒಬ್ಬ ಪರಿಚಯದವರಿಂದ ಫೋನ್ ಬಂದಿತ್ತು. ಊಟ ಇದೆ, ರೂಮ್ ಇದೆ, ಭಯವೇನೂ ಇಲ್ಲ. ಆದರೆ ಅವರ ತಾಯಿಯ ಬಿಪಿ ಮಾತ್ರೆ ಅವತ್ತು ಬೆಳಿಗ್ಗೆಗೆ ಮುಗಿದಿತ್ತು. ಐದು ದಿನಕ್ಕೆ ಎಣಿಸಿ ಐದೇ ಮಾತ್ರೆ ತಂದಿದ್ದರು. ಆಮೇಲಿಂದ ನಾನು ಯಾರಿಗೇ ಸಲಹೆ ಕೊಟ್ಟರೂ ಒಂದು ಮಾತು ಸೇರಿಸುತ್ತೇನೆ. ಎಷ್ಟು ದಿನದ ಪ್ರವಾಸವೋ ಅದಕ್ಕೆ ಇನ್ನೂ ನಾಲ್ಕು ದಿನದ ಔಷಧಿ ಸೇರಿಸಿ, ಕೈಚೀಲದಲ್ಲೇ ಇಟ್ಟುಕೊಳ್ಳಿ. ನಿಮ್ಮ ಅಪ್ಪನಿಗೆ ಸ್ಟೆಂಟ್ ಹಾಕಿದ್ದಾರೆ ಎಂದಮೇಲೆ ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುವ ಮಾತ್ರೆ ನಡೆಯುತ್ತಲೇ ಇರುತ್ತದೆ. ಅದು ಒಂದು ದಿನವೂ ತಪ್ಪಬಾರದು.

ಈಗ ಭಾವ ಹೇಳಿದ ಮಾತಿಗೆ ಬರುತ್ತೇನೆ. ಅವರು ಹೇಳಿದ್ದು ಸುಳ್ಳಲ್ಲ, ಹಳೆಯ ಸುದ್ದಿ ಅಷ್ಟೇ. 2010ರ ಡಿಸೆಂಬರ್ ಕೊನೆಗೆ ‘ಜಲ್ ಹಂಸ್’ ಅನ್ನುವ ಹೆಸರಿನಲ್ಲಿ ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನವನ್ನು ಉದ್ಘಾಟಿಸಿದರು. ಒಂದೇ ಎಂಜಿನ್‌ನ ಸೆಸ್ನಾ ವಿಮಾನ ಅದು. ಮುಂದಿನ ವರ್ಷ ಅಂಡಮಾನಿನಲ್ಲಿ ಹಾರಾಟವನ್ನೂ ಮಾಡಿತು. ಆಮೇಲೆ ನಿಂತುಹೋಯಿತು. ಮತ್ತೆ ಶುರುವಾಗುತ್ತದೆ ಅನ್ನುವ ಸುದ್ದಿ ಆಗಾಗ ಬರುತ್ತಿರುತ್ತದೆ. ಟಿಕೆಟ್ ಕೈಗೆ ಬರುವ ತನಕ ಅದನ್ನು ನಂಬಿ ಪ್ಲಾನ್ ಮಾಡಬೇಡಿ. ಹ್ಯಾವ್‌ಲಾಕ್‌ನಲ್ಲಾಗಲಿ ನೀಲ್‌ನಲ್ಲಾಗಲಿ ಮಾಮೂಲಿ ವಿಮಾನ ಇಳಿಯುವ ನಿಲ್ದಾಣ ಇಲ್ಲ.

ಹೆಲಿಕಾಪ್ಟರ್ ನಿಜವಾಗಿಯೂ ಇದೆ. ಆದರೆ ಅದು ಪ್ರವಾಸಿಗರಿಗಾಗಿ ಇಟ್ಟಿದ್ದಲ್ಲ. ದ್ವೀಪದ ಜನರಿಗೆ, ಅದರಲ್ಲೂ ಕಾಯಿಲೆಯವರಿಗೆ. ಹ್ಯಾವ್‌ಲಾಕ್‌ನಲ್ಲಿ ಯಾರಿಗಾದರೂ ಹೃದಯಾಘಾತವಾದರೆ ಪೋರ್ಟ್ ಬ್ಲೇರ್‌ನ ಜಿ.ಬಿ. ಪಂತ್ ಆಸ್ಪತ್ರೆಗೆ ಬೇಗ ಮುಟ್ಟಿಸಲು ಅದೇ ದಾರಿ. ಸೀಟು ಉಳಿದರೆ ಬೇರೆಯವರಿಗೆ ಕೊಡುತ್ತಾರೆ. ಸಾಮಾನು ತೀರಾ ಕಡಿಮೆ, 5 ಕೆ.ಜಿ. ಆಸುಪಾಸು. ಐದು ಜನರ ಸಂಸಾರ ಸೂಟ್‌ಕೇಸ್ ಸಮೇತ ಅದನ್ನು ನೆಚ್ಚಿಕೊಂಡು ಹೊರಡುವುದು ಆಗದ ಮಾತು. ಇನ್ನೊಂದು ವಿಷಯ ಬಹಳ ಜನರಿಗೆ ಹೊಳೆಯುವುದಿಲ್ಲ. ದೋಣಿ ನಿಲ್ಲಿಸುವಷ್ಟು ಗಾಳಿ ಮಳೆ ಇರುವ ದಿನ ಸಣ್ಣ ವಿಮಾನ, ಹೆಲಿಕಾಪ್ಟರ್ ಕೂಡ ಸಾಮಾನ್ಯವಾಗಿ ನೆಲದಲ್ಲೇ ಇರುತ್ತವೆ. ಕಡಲು ಕೆಟ್ಟರೆ ಆಕಾಶ ಇದೆಯಲ್ಲ ಅನ್ನುವ ಲೆಕ್ಕ ನಡೆಯುವುದಿಲ್ಲ.

ಚೆನ್ನೈಯಿಂದ ಹಡಗಿನಲ್ಲೇ ಹೋದರೆ ಹೇಗೆ ಅಂತ ಮುಂದೆ ಯಾರಾದರೂ ಹೇಳಿದರೆ ಬೇಡ ಅನ್ನಿ. ಮೂರು ದಿನದ ಹತ್ತಿರ ಹಿಡಿಯುತ್ತದೆ. ಅಮ್ಮನವರಿಗೆ ಅದು ಶಿಕ್ಷೆ. ಬೆಂಗಳೂರಿನಿಂದ ನೇರ ವಿಮಾನವೇ ಎರಡೂವರೆ ಗಂಟೆಯಲ್ಲಿ ಮುಟ್ಟಿಸುತ್ತದೆ.

ಹಾಗಾದರೆ ಉಳಿದದ್ದು ದೋಣಿ. ಇದರಲ್ಲಿ ಎರಡು ಬಗೆ. ಒಂದು, ಅಂಡಮಾನ್ ಆಡಳಿತದ ಸರ್ಕಾರಿ ಫೆರಿ. ಪೋರ್ಟ್ ಬ್ಲೇರ್‌ನ ಫೀನಿಕ್ಸ್ ಬೇ ಜೆಟ್ಟಿಯಿಂದ ಹೊರಡುತ್ತದೆ. ಹ್ಯಾವ್‌ಲಾಕ್‌ಗೆ ಸುಮಾರು ಎರಡೂವರೆ ಗಂಟೆ. ಟಿಕೆಟ್ ಅಗ್ಗ. ಆದರೆ ಕೆಲವೇ ದಿನ ಮುಂಚೆ ಟಿಕೆಟ್ ಬಿಡುತ್ತಾರೆ, ದ್ವೀಪದ ಜನರಿಗೆ ಮೊದಲ ಆದ್ಯತೆ. ಆಗಬೇಕಾದ್ದೂ ಹಾಗೇ. ಅವರಿಗೆ ಅದು ನಮ್ಮ ಬಿಎಂಟಿಸಿ ಇದ್ದ ಹಾಗೆ. ತರಕಾರಿ, ಕೋಳಿ, ಶಾಲೆಯ ಮಕ್ಕಳು, ಬಾಣಂತಿಯರು ಎಲ್ಲರೂ ಅದರಲ್ಲೇ.

ಇನ್ನೊಂದು, ಖಾಸಗಿ ಕ್ಯಾಟಮರಾನ್, ಅಂದರೆ ಜೋಡಿ ಒಡಲಿನ ವೇಗದ ದೋಣಿ. ಮಕ್ರೂಜ್, ನಾಟಿಕಾ, ಗ್ರೀನ್ ಓಷನ್ ಅನ್ನುವ ಹೆಸರುಗಳನ್ನು ನೀವು ಕೇಳಿರುತ್ತೀರಿ. ಇವು ಹ್ಯಾಡೋ ಧಕ್ಕೆಯಿಂದ ಹೊರಡುತ್ತವೆ, ಫೀನಿಕ್ಸ್ ಬೇಯಿಂದ ಅಲ್ಲ. ಬೆಳಿಗ್ಗೆ ಆರು ಗಂಟೆಗೆ ತಪ್ಪು ಜೆಟ್ಟಿಗೆ ಆಟೋ ಮಾಡಿಕೊಂಡು ಹೋಗಿ ಪರದಾಡುವವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಟಿಕೆಟ್ ಮೇಲಿರುವ ಜೆಟ್ಟಿಯ ಹೆಸರನ್ನು ಹಿಂದಿನ ರಾತ್ರಿಯೇ ಓದಿಕೊಳ್ಳಿ. ಹ್ಯಾವ್‌ಲಾಕ್‌ಗೆ ಒಂದೂವರೆಯಿಂದ ಎರಡು ಗಂಟೆ, ಹ್ಯಾವ್‌ಲಾಕ್‌ನಿಂದ ನೀಲ್‌ಗೆ ಹೆಚ್ಚುಕಡಿಮೆ ಒಂದು ಗಂಟೆ. ವಾರಗಟ್ಟಲೆ ಮುಂಚೆಯೇ ಬುಕ್ ಮಾಡಬಹುದು. ಡಿಸೆಂಬರ್ ಕೊನೆಗೆ ಹೋಗುವುದಾದರೆ ಮಾಡಲೇಬೇಕು. ಹತ್ತುವಾಗ ಗುರುತಿನ ಚೀಟಿ ನೋಡುತ್ತಾರೆ. ಹೊರಡುವ ಒಂದು ಗಂಟೆ ಮುಂಚೆ ಅಲ್ಲಿರಿ. ಹೆಸರುಗಳ ಬಗ್ಗೆಯೂ ಗಾಬರಿ ಬೇಡ. 2018ರಿಂದ ಹ್ಯಾವ್‌ಲಾಕ್ ಅಂದರೆ ಸ್ವರಾಜ್ ದ್ವೀಪ, ನೀಲ್ ಅಂದರೆ ಶಹೀದ್ ದ್ವೀಪ. 2024ರಿಂದ ಪೋರ್ಟ್ ಬ್ಲೇರ್ ಅಂದರೆ ಶ್ರೀ ವಿಜಯಪುರಂ. ಟಿಕೆಟಿನಲ್ಲಿ ಯಾವ ಹೆಸರಿದ್ದರೂ ಊರು ಅದೇ.

ಈಗ ಅಮ್ಮನವರ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಜನ ಜಾಸ್ತಿ ತಪ್ಪು ಮಾಡುವುದು ಇಲ್ಲೇ.

ವಾಂತಿ ಬರುವುದು ಹೊಟ್ಟೆಯಿಂದಲ್ಲ, ಕಿವಿಯಿಂದ. ಒಳಗಿವಿಯಲ್ಲಿ ದ್ರವ ತುಂಬಿದ ಸಣ್ಣ ಕೊಳವೆಗಳಿವೆ. ಮೈ ಎತ್ತ ವಾಲುತ್ತಿದೆ ಅಂತ ಮಿದುಳಿಗೆ ಹೇಳುವುದು ಅವು. ದೋಣಿಯೊಳಗೆ ಕೂತಾಗ ಕಿವಿ ‘ನಾವು ಏಳುತ್ತಾ ಬೀಳುತ್ತಾ ಇದ್ದೇವೆ’ ಅನ್ನುತ್ತದೆ. ಕಣ್ಣು ಮುಂದಿನ ಸೀಟಿನ ಬೆನ್ನು ನೋಡುತ್ತಾ ‘ಇಲ್ಲ, ಎಲ್ಲ ನಿಂತೇ ಇದೆ’ ಅನ್ನುತ್ತದೆ. ಈ ಜಗಳಕ್ಕೆ ಮಿದುಳು ಕೊಡುವ ಉತ್ತರವೇ ವಾಕರಿಕೆ. ಶಿರಾಡಿಯಲ್ಲಿ ಆಗುವುದೂ ಇದೇ. ಹಾಗಾಗಿ ನಿಮ್ಮ ಅಮ್ಮನಿಗೆ ದೋಣಿಯಲ್ಲೂ ಆಗುವ ಸಾಧ್ಯತೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಕಾರಣ ಗೊತ್ತಿದ್ದರೆ ಕಡಿಮೆ ಮಾಡಲು ದಾರಿಯೂ ಗೊತ್ತಾಗುತ್ತದೆ.

ಏಜೆಂಟ್ ಹೇಳಿದ ಮೇಲ್ಮಹಡಿಯ ಸೀಟು ಇವರಿಗೆ ಖಂಡಿತ ಬೇಡ. ತೆಂಗಿನ ಮರ ಗಾಳಿಗೆ ಆಡುವುದನ್ನು ನೋಡಿದ್ದೀರಲ್ಲ. ಬುಡ ಅಲ್ಲಾಡುವುದಿಲ್ಲ, ಗರಿ ಅಷ್ಟು ದೂರ ಹೋಗಿ ಬರುತ್ತದೆ. ದೋಣಿಯೂ ಹಾಗೇ. ನೀರಿನಿಂದ ಎಷ್ಟು ಮೇಲೆ ಹೋಗುತ್ತೀರೋ ಅಷ್ಟು ಓಲಾಟ ಜಾಸ್ತಿ. ತೀರಾ ಮುಂದೆ ಕೂತರೆ ಅಲೆಗೆ ಎದ್ದು ಬೀಳುವ ಏಟು ಜಾಸ್ತಿ. ಮೇಲಿನ ಸೀಟಿಗೆ ದುಡ್ಡು ಜಾಸ್ತಿ ಇರುವುದು ನೋಟ ಚೆನ್ನಾಗಿದೆ, ಸೀಟು ಅಗಲ ಇದೆ ಅಂತ. ಅಮ್ಮನಿಗೆ ಕೆಳಗಿನ ಮಹಡಿ, ಉದ್ದದಲ್ಲಿ ನಡುವಿಗಿಂತ ಸ್ವಲ್ಪ ಹಿಂದೆ, ಕಿಟಕಿ ಪಕ್ಕ. ಅದು ಸಾಮಾನ್ಯವಾಗಿ ಅಗ್ಗದ ಸೀಟೂ ಹೌದು. ಬುಕ್ ಮಾಡುವಾಗ ಸೀಟಿನ ನಕ್ಷೆ ತೋರಿಸಿ ಅಂತ ಕೇಳಿ. ಕಿಟಕಿಯಿಂದ ಆಚೆ, ಕಡಲೂ ಆಕಾಶವೂ ಸೇರುವ ಗೆರೆಯನ್ನು ನೋಡುತ್ತಾ ಇರಲಿ. ಆಗ ಕಣ್ಣೂ ಕಿವಿಯೂ ಒಂದೇ ಮಾತು ಹೇಳುತ್ತವೆ. ಮೊಬೈಲ್ ನೋಡಬಾರದು, ಚೀಲದೊಳಗೆ ತಲೆ ಬಗ್ಗಿಸಿ ಹುಡುಕಬಾರದು. ನೋಡಲು ಆಗದಿದ್ದರೆ ಕಣ್ಣು ಮುಚ್ಚಿ ಒರಗಿಬಿಡಲಿ.

ಕ್ಯಾಟಮರಾನ್ ಅಲ್ಲಾಡುವುದೇ ಇಲ್ಲ ಅನ್ನುವುದೂ ಅರ್ಧ ಸತ್ಯ. ಅದರ ಕೆಳಗೆ ಜೋಡಿ ಒಡಲು ಇರುತ್ತದೆ, ಎರಡು ದೋಣಿ ಸೇರಿಸಿ ಮೇಲೆ ಹಲಗೆ ಹಾಕಿದ ಹಾಗೆ. ಅಗಲ ಜಾಸ್ತಿ ಇರುವುದರಿಂದ ಒಂದೇ ಕಡೆ ಬಹಳ ವಾಲುವುದಿಲ್ಲ. ಆದರೆ ವಾಲಿದಷ್ಟೂ ಥಟ್ಟನೆ ವಾಲಿ ಥಟ್ಟನೆ ವಾಪಸ್ ಬರುತ್ತದೆ. ಹಳೆಯ ಮಾದರಿಯ ಹಡಗು ತೊಟ್ಟಿಲಿನ ಹಾಗೆ ನಿಧಾನವಾಗಿ ತೂಗುತ್ತದೆ. ಕ್ಯಾಟಮರಾನ್ ಗುಂಡಿ ಬಿದ್ದ ರಸ್ತೆಯಲ್ಲಿ ಜೀಪು ಓಡಿದ ಹಾಗೆ. ಕೆಲವರಿಗೆ ತೊಟ್ಟಿಲು ಆಗುವುದಿಲ್ಲ, ಕೆಲವರಿಗೆ ಜೀಪು ಆಗುವುದಿಲ್ಲ. ಇನ್ನೊಂದು ವ್ಯತ್ಯಾಸ ಗಾಳಿ. ಖಾಸಗಿ ದೋಣಿಗಳಲ್ಲಿ ಹೆಚ್ಚಿನವು ಪೂರ್ತಿ ಮುಚ್ಚಿದ ಎ.ಸಿ. ಕೋಣೆ. ಸರ್ಕಾರಿ ಫೆರಿಯಲ್ಲಿ ಹೊರಗೆ ಡೆಕ್ ಮೇಲೆ ನಿಲ್ಲಬಹುದು. ಖಾಸಗಿಯಲ್ಲಿ ಗ್ರೀನ್ ಓಷನ್‌ನಂಥವು ಮೇಲೆ ಬಯಲಿಗೆ ಬಿಡುತ್ತವೆ. ಬಸ್ಸಿನಲ್ಲಿ ಕಿಟಕಿ ತೆಗೆದ ಕೂಡಲೇ ಅಮ್ಮನಿಗೆ ಹಾಯೆನಿಸುತ್ತದಾ? ಹಾಗಿದ್ದರೆ ಬಯಲು ಇರುವ ದೋಣಿಯೇ ಅವರಿಗೆ ಸರಿ. ಸ್ವಲ್ಪ ನಿಧಾನವಾದರೂ ಪರವಾಗಿಲ್ಲ.

ಹೊಟ್ಟೆ ಖಾಲಿ ಇಟ್ಟರೆ ವಾಂತಿ ಬರುವುದಿಲ್ಲ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಖಾಲಿ ಹೊಟ್ಟೆ ಇನ್ನೂ ಕೆಟ್ಟದ್ದು, ಪಿತ್ತ ಕಕ್ಕಿ ಸುಸ್ತಾಗುತ್ತಾರೆ. ಹೊರಡುವ ಒಂದು ಗಂಟೆ ಮುಂಚೆ ಎರಡು ಇಡ್ಲಿ, ಇಲ್ಲ ಒಣ ಚಪಾತಿ ತಿನ್ನಲಿ. ಹಾಲು ಜಾಸ್ತಿ ಹಾಕಿದ ಕಾಫಿ, ಎಣ್ಣೆಯ ವಡೆ, ಪೂರಿ ಬೇಡ. ಶುಂಠಿ ಕೆಲವರಿಗೆ ಕೆಲಸ ಮಾಡುತ್ತದೆ, ತಪ್ಪೇನಿಲ್ಲ. ನಿಂಬೆಹಣ್ಣು ಮೂಸುವುದರಿಂದ ಡೀಸೆಲ್ ವಾಸನೆಯಾದರೂ ಮರೆಯಾಗುತ್ತದೆ.

ಮಾತ್ರೆಯ ವಿಷಯದಲ್ಲಿ ಮುಖ್ಯವಾದದ್ದು ಹೊತ್ತು. ವಾಕರಿಕೆ ಶುರುವಾದ ಮೇಲೆ ನುಂಗಿದರೆ ಹೆಚ್ಚು ಪ್ರಯೋಜನವಿಲ್ಲ. ಪ್ರೊಮೆಥಜೀನ್, ಅಂದರೆ ಅಂಗಡಿಯಲ್ಲಿ ಅವೋಮಿನ್ ಅಂತ ಸಿಗುವುದು, ದೋಣಿ ಹೊರಡುವ ಒಂದು ಗಂಟೆ ಮುಂಚೆಯಾದರೂ ಹೊಟ್ಟೆಯಲ್ಲಿರಬೇಕು. ಮಂಪರು ಬರುತ್ತದೆ, ಬಾಯಿ ಒಣಗುತ್ತದೆ. ವಯಸ್ಸಾದವರಲ್ಲಿ ತಲೆ ಗೊಂದಲವಾಗಬಹುದು. ಗ್ಲಾಕೋಮ, ಪ್ರಾಸ್ಟೇಟ್ ತೊಂದರೆ ಇರುವವರಿಗೆ ಇಂಥ ಮಾತ್ರೆ ಎಚ್ಚರಿಕೆಯ ವಿಷಯ. ಹಾಗಾಗಿ ನಿಮ್ಮ ಮನೆಯ ಡಾಕ್ಟರನ್ನು ಕೇಳದೆ ಅಪ್ಪನಿಗಾಗಲಿ ಅಮ್ಮನಿಗಾಗಲಿ ಕೊಡಬೇಡಿ. ಮಗನಿಗೆ ಬೇಕಾದರೂ ಎಷ್ಟು ಅಂತ ಮಕ್ಕಳ ಡಾಕ್ಟರೇ ಹೇಳಲಿ. ಹೊಟ್ಟೆ ಕೆಟ್ಟಾಗ ಮಕ್ಕಳಿಗೆ ಕೊಡುವ ಆನ್‌ಡನ್‌ಸೆಟ್ರಾನ್ ಮನೆಯಲ್ಲಿ ಇದ್ದೇ ಇರುತ್ತದೆ, ಅದನ್ನೇ ತಗೊಂಡು ಹೋಗುತ್ತಾರೆ. ಪ್ರಯಾಣದ ವಾಂತಿಗೆ ಅದು ಅಷ್ಟಾಗಿ ಕೆಲಸ ಮಾಡುವುದಿಲ್ಲ. ಮಾತ್ರೆಯನ್ನು ಒಂದು ಭಾನುವಾರ ಮನೆಯಲ್ಲೇ ತೆಗೆದುಕೊಂಡು ನೋಡಲಿ. ಎಷ್ಟು ಮಂಪರು ಬರುತ್ತದೆ ಅಂತ ಜೆಟ್ಟಿಯಲ್ಲಿ ಮೊದಲ ಸಲ ಗೊತ್ತಾಗಬಾರದು.

ದಾರಿಯ ಲಕ್ಷಣವನ್ನೂ ಹೇಳಿಬಿಡುತ್ತೇನೆ. ಪೋರ್ಟ್ ಬ್ಲೇರ್ ಬಂದರಿನೊಳಗೆ ನೀರು ಸಿಗಂದೂರಿನ ಹಿನ್ನೀರಿನಷ್ಟೇ ಶಾಂತವಾಗಿರುತ್ತದೆ. ಎಲ್ಲರೂ ಫೋಟೋ ತೆಗೆಯುತ್ತಾ ಖುಷಿಯಲ್ಲಿರುತ್ತಾರೆ. ಬಂದರಿನ ಬಾಯಿಯಲ್ಲಿ ರಾಸ್ ದ್ವೀಪ ಇದೆ, ಈಗಿನ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ. ಅದು ಹಿಂದೆ ಸರಿದ ಮೇಲೆ ತೆರೆದ ಕಡಲಿನ ಮೊದಲ ಅಲೆ ತಾಗುತ್ತದೆ. ಮಾತು ಕಡಿಮೆಯಾಗುತ್ತದೆ. ಅಮ್ಮ ಮೊಬೈಲ್ ಒಳಗಿಟ್ಟು ಕಿಟಕಿಯಾಚೆ ನೋಡಲು ಶುರುಮಾಡಬೇಕಾದ್ದು ಆ ಹೊತ್ತಿಗಲ್ಲ, ಅದಕ್ಕೂ ಮುಂಚೆ. ಡಿಸೆಂಬರಿನಲ್ಲಿ ಗಾಳಿ ಈಶಾನ್ಯದಿಂದ ಬೀಸುತ್ತದೆ. ಹ್ಯಾವ್‌ಲಾಕ್ ಇರುವುದೂ ಪೋರ್ಟ್ ಬ್ಲೇರ್‌ನ ಈಶಾನ್ಯಕ್ಕೇ. ಅಂದರೆ ಹೋಗುವಾಗ ಅಲೆ ಎದುರಿಗೆ, ಎತ್ತಿ ಎತ್ತಿ ಹಾಕುತ್ತದೆ. ಬರುವಾಗ ಅಲೆ ಬೆನ್ನ ಹಿಂದೆ, ಏಟು ಕಡಿಮೆ. ಹೋಗುವ ದಾರಿ ಕಷ್ಟವಾಯಿತು ಅಂತ ಅಮ್ಮ ಎರಡು ದಿನ ವಾಪಸ್ ಹೋಗುವುದನ್ನೇ ನೆನೆದು ಹೆದರುತ್ತಾ ಕೂರುವುದು ಬೇಡ, ಇದನ್ನು ಅವರಿಗೆ ಹೇಳಿ. ಸಾಮಾನ್ಯವಾಗಿ ಹೊತ್ತು ಏರಿದ ಹಾಗೆ ಗಾಳಿಯೂ ಏರುತ್ತದೆ, ಅದಕ್ಕೇ ಬೆಳಗಿನ ಮೊದಲ ದೋಣಿಯೇ ಒಳ್ಳೆಯದು.

ಮುಳುಗುವ ಭಯದ ಬಗ್ಗೆ. ಪಕ್ಕದ ಮನೆಯವರು ಹೇಳಿದ್ದು ನಿಜ. 2014ರ ಜನವರಿ 26ರಂದು ಪೋರ್ಟ್ ಬ್ಲೇರ್ ಹತ್ತಿರ ಪ್ರವಾಸಿಗರ ದೋಣಿ ಮುಳುಗಿ 21 ಜನ ಸತ್ತರು. ಆದರೆ ಅದು ಹ್ಯಾವ್‌ಲಾಕ್‌ಗೆ ಹೋಗುವ ಫೆರಿ ಅಲ್ಲ. ರಾಸ್ ದ್ವೀಪ, ನಾರ್ತ್ ಬೇ ಅಂತ ಅರ್ಧ ದಿನ ಸುತ್ತಿಸುವ ಸಣ್ಣ ದೋಣಿ. ಹತ್ತಿಸಬೇಕಾದ್ದಕ್ಕಿಂತ ಬಹಳ ಹೆಚ್ಚು ಜನರನ್ನು ಹತ್ತಿಸಿದ್ದರು. ಜಾತ್ರೆಯ ದಿನ ಬಸ್ಸಿನ ಟಾಪ್ ಮೇಲೂ ಜನ ಕೂತರೆ ತಿರುವಿನಲ್ಲಿ ಏನಾಗುತ್ತದೋ ಅದೇ ದೋಣಿಗೂ ಆಗುತ್ತದೆ. ಭಾರ ಮೇಲಕ್ಕೆ ಹೋದಷ್ಟು ದೋಣಿ ತಾನೇ ನೆಟ್ಟಗಾಗುವ ಶಕ್ತಿ ಕಳೆದುಕೊಳ್ಳುತ್ತದೆ. ಎಲ್ಲರೂ ಫೋಟೋಗೆ ಒಂದೇ ಕಡೆ ಬಂದರೆ ಇನ್ನೂ ಕಷ್ಟ.

ಹಾಗಾಗಿ ನಿಮ್ಮ ಎಚ್ಚರ ಇರಬೇಕಾದ್ದು ದೊಡ್ಡ ಫೆರಿಗಿಂತ ಈ ಸಣ್ಣ ದೋಣಿಗಳಲ್ಲಿ. ಜನರ ಮನಸ್ಸು ಉಲ್ಟಾ ಓಡುತ್ತದೆ. ಎರಡು ಗಂಟೆಯ ಪ್ರಯಾಣಕ್ಕೆ ಹೆದರುತ್ತಾರೆ, ಹತ್ತು ನಿಮಿಷದ ಪ್ರಯಾಣಕ್ಕೆ ಲೈಫ್ ಜಾಕೆಟ್ ತೆಗೆದು ತೊಡೆ ಮೇಲೆ ಇಟ್ಟುಕೊಳ್ಳುತ್ತಾರೆ. ಎಷ್ಟು ಜನರಿಗೆ ಅನುಮತಿ ಅಂತ ಕೇಳಿ, ತಲೆ ಎಣಿಸಿ. ಜಾಸ್ತಿ ಇದ್ದರೆ ಇಳಿದುಬಿಡಿ, ಕೊಟ್ಟ ದುಡ್ಡು ಹೋದರೂ ಚಿಂತೆಯಿಲ್ಲ.

ಮಗನಿಗೆ ಜಾಕೆಟ್ ಹಾಕುವಾಗ ಒಂದು ಕೆಲಸ ಮಾಡಿ. ಪಟ್ಟಿಗಳನ್ನೆಲ್ಲ ಬಿಗಿದು ಅವನನ್ನು ಎದುರಿಗೆ ನಿಲ್ಲಿಸಿಕೊಳ್ಳಿ. ‘ಕೈ ಮೇಲೆತ್ತು ಕಂದಾ’ ಅನ್ನಿ. ಈಗ ಜಾಕೆಟ್‌ನ ಎರಡೂ ಭುಜ ಹಿಡಿದು ಮೇಲಕ್ಕೆ ಎಳೆಯಿರಿ. ಅದು ಗಲ್ಲ ದಾಟಿ ಕಿವಿಗೆ ಬಂದರೆ ಆ ಜಾಕೆಟ್ ಅವನದಲ್ಲ. ನೀರಿಗೆ ಬಿದ್ದಾಗ ಜಾಕೆಟ್ ತೇಲುತ್ತದೆ, ಮಗು ಅದರೊಳಗಿಂದ ಜಾರುತ್ತದೆ. ಸಣ್ಣದು ಕೊಡಿ ಅಂತ ಕೇಳಿ. ಸಣ್ಣದಿಲ್ಲ, ಏನಾಗಲ್ಲ ಬನ್ನಿ ಎಂದರೆ ಆ ದೋಣಿ ಹತ್ತಬೇಡಿ. ಇದರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಟ್ಟವನಲ್ಲ.

ದೊಡ್ಡ ದೋಣಿಯಲ್ಲೂ ಕೂತ ಕೂಡಲೇ ಜಾಕೆಟ್ ಎಲ್ಲಿದೆ, ಬಾಗಿಲು ಎಲ್ಲಿದೆ ಅಂತ ನೋಡಿಟ್ಟುಕೊಳ್ಳಿ. ದೋಣಿ ರದ್ದು ಮಾಡಿದರೆ ಬಯ್ಯಬೇಡಿ. ರದ್ದು ಮಾಡುವ ವ್ಯವಸ್ಥೆ ಇರುವುದರಿಂದಲೇ ಆ ದಾರಿ ನಂಬಬಹುದಾದ್ದು.

ಅಪ್ಪನಿಗೆ ದೋಣಿಯೊಳಗೆ ಕೂರುವುದೇನೂ ಕಷ್ಟವಲ್ಲ. ಕಷ್ಟ ಇರುವುದು ಹತ್ತುವ ಇಳಿಯುವ ಜಾಗದಲ್ಲಿ. ಜೆಟ್ಟಿ ಅಲ್ಲಾಡುವುದಿಲ್ಲ, ದೋಣಿ ಉಬ್ಬರ ಇಳಿತದ ಜೊತೆ ಮೇಲೆ ಕೆಳಗೆ ಹೋಗುತ್ತದೆ. ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಪೋರ್ಟ್ ಬ್ಲೇರ್‌ನಲ್ಲಿ ಉಬ್ಬರಕ್ಕೂ ಇಳಿತಕ್ಕೂ ಎರಡು ಮೀಟರ್ ಹತ್ತಿರ ವ್ಯತ್ಯಾಸ. ಹಾಗಾಗಿ ಹಲಗೆ ಕೆಲವೊಮ್ಮೆ ಸಪಾಟಾಗಿರುತ್ತದೆ, ಕೆಲವೊಮ್ಮೆ ಕಡಿದಾಗಿರುತ್ತದೆ. ಅಪ್ಪನ ಕೈಯಲ್ಲಿ ಏನೂ ಕೊಡಬೇಡಿ, ಎರಡೂ ಕೈ ಹಿಡಿಕೆಗೆ ಬೇಕು. ಯಜಮಾನರು ಮುಂದೆ ಹೋಗಲಿ, ಹಿಂದೆ ನೀವು. ಬಿಸಿಲಲ್ಲಿ ಜೆಟ್ಟಿಯುದ್ದಕ್ಕೂ ಸಾಮಾನು ಎಳೆದುಕೊಂಡು ನಡೆಯುವುದು ಅವರ ಎದೆಗೆ ದೋಣಿಗಿಂತ ದೊಡ್ಡ ಕೆಲಸ. ಗಾಲಿಕುರ್ಚಿ ಬೇಕು ಅಂತ ಮೊದಲೇ ಹೇಳಿಡಿ, ಸಂಕೋಚ ಬೇಡ. ಹೃದಯದ ಡಾಕ್ಟರಿಂದ ‘ಪ್ರಯಾಣ ಮಾಡಬಹುದು’ ಅಂತ ಒಂದು ಚೀಟಿ, ಸ್ಟೆಂಟ್‌ನ ವಿವರ, ಇತ್ತೀಚಿನ ಇಸಿಜಿ ಜೊತೆಗಿರಲಿ.

ಲಕ್ಷದ್ವೀಪ ಅಂದರೆ ತಲೆನೋವು ಕಡಿಮೆ ಅಂತ ಯಜಮಾನರು ಅಂದುಕೊಂಡಿದ್ದಾರೆ. ನಿಮ್ಮ ಸಂಸಾರಕ್ಕೆ ಜಾಸ್ತಿಯೇ ಆಗುತ್ತದೆ. ಅಲ್ಲಿಗೆ ಹೋಗಲು ಮೊದಲೇ ಪರವಾನಗಿ ಪಡೆಯಬೇಕು. ವಿಮಾನ ಇಳಿಯುವುದು ಅಗತ್ತಿಯಲ್ಲಿ ಮಾತ್ರ. ಕೊಚ್ಚಿಯಿಂದ ಹಡಗಾದರೆ ಹದಿನಾಲ್ಕು ಗಂಟೆಗೂ ಮೇಲೆ. ಎಲ್ಲಕ್ಕಿಂತ ಮುಖ್ಯ ವಿಷಯ ಹವಳದ ದಿಬ್ಬ. ಆ ದ್ವೀಪಗಳ ಸುತ್ತ ಹವಳದ ಗೋಡೆ ಇದೆ, ಒಳಗೆ ನೀರು ಆಳವಿಲ್ಲ. ಹಾಗಾಗಿ ಎಷ್ಟೋ ಕಡೆ ದೊಡ್ಡ ಹಡಗು ಹೊರಗೇ ನಿಲ್ಲುತ್ತದೆ. ಅಲ್ಲಿಂದ ಸಣ್ಣ ದೋಣಿಗೆ ಕಡಲಿನ ಮೇಲೆಯೇ ಇಳಿಯಬೇಕು. ಎರಡೂ ಬೇರೆ ಬೇರೆ ಲಯದಲ್ಲಿ ಏರಿಳಿಯುತ್ತಿರುತ್ತವೆ. ಅಲ್ಲಿನ ಹುಡುಗರು ರಟ್ಟೆ ಹಿಡಿದು ದಾಟಿಸುತ್ತಾರೆ, ಬಹಳ ಜೋಪಾನವಾಗಿಯೇ ಮಾಡುತ್ತಾರೆ. ಆದರೂ 71 ವರ್ಷದ, ಸ್ಟೆಂಟ್ ಹಾಕಿದವರನ್ನು ಮೊದಲ ಕಡಲ ಪ್ರವಾಸಕ್ಕೆ ಅಲ್ಲಿಗೆ ಕಳಿಸಲು ನಾನು ಒಪ್ಪುವುದಿಲ್ಲ. ನೀವಿಬ್ಬರೇ ಯಾವತ್ತಾದರೂ ಹೋಗಿ ಬನ್ನಿ. ಆ ನೀರಿನ ಬಣ್ಣ ಬೇರೆಲ್ಲೂ ಇಲ್ಲ.

ಈಗ ನಾನಾದರೆ ಹೇಗೆ ಹೋಗುತ್ತಿದ್ದೆ ಅಂತ ಹೇಳುತ್ತೇನೆ. ನೀಲ್ ಬಿಡುತ್ತಿದ್ದೆ. ಚೆಂದದ ಜಾಗ, ಬಿಡಲು ನನಗೂ ಮನಸ್ಸಿಲ್ಲ. ಆದರೆ ಅದನ್ನು ಸೇರಿಸಿದರೆ ಮೂರು ಸಲ ದೋಣಿ, ಬಿಟ್ಟರೆ ಎರಡೇ ಸಲ. ಅಮ್ಮನವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಮೊದಲ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಮಲಗಿ. ಎರಡನೆಯ ದಿನ ಬೆಳಗಿನ ದೋಣಿಗೆ ಹ್ಯಾವ್‌ಲಾಕ್, ಅಲ್ಲಿ ಎರಡು ರಾತ್ರಿ. ರಾಧಾನಗರ ಬೀಚ್‌ನಲ್ಲಿ ಒಂದು ಸಂಜೆ ಸುಮ್ನೆ ಕೂತಿರಿ. ಡಿಸೆಂಬರಿನಲ್ಲಿ ಅಲ್ಲಿ ಸಂಜೆ 5ಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ನಮ್ಮ ಗಡಿಯಾರವೇ ಆದರೂ ಅವರು ಅಷ್ಟು ಪೂರ್ವಕ್ಕಿದ್ದಾರೆ. ಅದಕ್ಕೆ ಮಧ್ಯಾಹ್ನ ಮೂರಕ್ಕೆ ಹೊರಡಿ. ನಾಲ್ಕನೆಯ ದಿನ ವಾಪಸ್. ಉಳಿದ ಎರಡು ರಾತ್ರಿ ಪೋರ್ಟ್ ಬ್ಲೇರ್‌ನಲ್ಲಿ. ಸೆಲ್ಯುಲಾರ್ ಜೈಲನ್ನು ನಿಧಾನವಾಗಿ ನೋಡಿ. ನಾಲ್ಕನೆಯ ದಿನ ದೋಣಿ ರದ್ದಾದರೂ ಐದನೆಯ ದಿನ ಇದೆ. ಆ ಒಂದು ದಿನವೇ ನಿಮ್ಮ ನಿಜವಾದ ವಿಮೆ. ಯಜಮಾನರು ಸ್ಕೂಬಾ ಮಾಡುವುದಾದರೂ ಇದೇ ಲೆಕ್ಕ ಒಳ್ಳೆಯದು, ಕಡಲಾಳಕ್ಕೆ ಹೋಗಿ ಬಂದವರು ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು.

ತಾರೀಖು ಬದಲಾಯಿಸಲು ಸಾಧ್ಯವಾ ಅಂತಲೂ ಯೋಚಿಸಿ. ಡಿಸೆಂಬರ್ ಕೊನೆ ಅಂದರೆ ಈಶಾನ್ಯ ಗಾಳಿ, ದುಬಾರಿ ಟಿಕೆಟ್, ಜನಜಂಗುಳಿ. ಫೆಬ್ರವರಿಯಿಂದ ಏಪ್ರಿಲ್ ಮೊದಲ ಭಾಗದವರೆಗೆ ಅಂಡಮಾನಿನ ಕಡಲು ವರ್ಷದಲ್ಲೇ ಶಾಂತವಾಗಿರುತ್ತದೆ. ಮಗನಿನ್ನೂ ಒಂದನೇ ಕ್ಲಾಸಿನ ವಯಸ್ಸಿನವನು. ಫೆಬ್ರವರಿಯಲ್ಲಿ ಮೂರು ದಿನ ಶಾಲೆ ತಪ್ಪಿದರೆ ನಷ್ಟವಿಲ್ಲ ಅಂತ ನನಗನಿಸುತ್ತದೆ. ಡಿಸೆಂಬರೇ ಆಗಬೇಕೆಂದರೆ ಹೊರಡುವ ನಾಲ್ಕು ದಿನ ಮುಂಚಿನಿಂದ ಹವಾಮಾನ ಇಲಾಖೆ ಮೀನುಗಾರರಿಗೆ ಕೊಡುವ ಎಚ್ಚರಿಕೆ ನೋಡುತ್ತಾ ಇರಿ. ಅಂಡಮಾನ್ ಸಮುದ್ರದಲ್ಲಿ ಗಂಟೆಗೆ 45ರಿಂದ 55 ಕಿ.ಮೀ. ಗಾಳಿ ಅಂತ ಬಂದರೆ ದೋಣಿ ನಿಲ್ಲಬಹುದು ಅಂತ ತಿಳಿಯಿರಿ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆ ಎಷ್ಟು ಎತ್ತರ ಅಂತಲೂ ಹೇಳುತ್ತದೆ. ಎರಡು ಮೀಟರ್ ದಾಟಿದರೆ ದೋಣಿ ಬಿಟ್ಟರೂ ಅಮ್ಮನವರನ್ನು ಅವತ್ತು ಹತ್ತಿಸಬೇಡಿ.

ಇಷ್ಟಾದರೂ ಅಮ್ಮನಿಗೆ ಆಗುತ್ತದೋ ಇಲ್ಲವೋ ಅನ್ನುವ ಅನುಮಾನ ಉಳಿದೇ ಇರುತ್ತದೆ. ಸಿಗಂದೂರಿನ ಲಾಂಚ್ ನೋಡಿ ಹೇಳಲು ಆಗುವುದಿಲ್ಲ, ಹಿನ್ನೀರಿಗೆ ಅಲೆಯೇ ಇಲ್ಲ. ಅದಕ್ಕೆ ಟಿಕೆಟ್ ಮಾಡುವ ಮುಂಚೆ ಒಂದು ಶನಿವಾರ ಮಲ್ಪೆಗೆ ಹೋಗಿಬನ್ನಿ. ಮಳೆಗಾಲ ಕಳೆದಿರಬೇಕು, ಮಳೆಗಾಲದಲ್ಲಿ ಅಲ್ಲಿ ದೋಣಿ ಬಿಡುವುದಿಲ್ಲ. ಕಾರಿನಲ್ಲಿ ಬೇಡ, ಘಾಟಿಯ ವಾಂತಿಯೂ ಕಡಲಿನ ವಾಂತಿಯೂ ಕಲಸಿಹೋಗುತ್ತದೆ. ರಾತ್ರಿ ರೈಲಿನಲ್ಲಿ ಮಲಗಿ ಉಡುಪಿಯಲ್ಲಿ ಇಳಿಯಿರಿ. ಬೆಳಿಗ್ಗೆ ಇಡ್ಲಿ ತಿಂದು, ಡಾಕ್ಟರ್ ಒಪ್ಪಿದ ಮಾತ್ರೆ ನುಂಗಿ, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿ ಹತ್ತಲಿ. ಸುಮಾರು ಅರ್ಧ ಗಂಟೆ. ಕಡಲು ಅದೇ ಕಡಲು, ಉಪ್ಪು ಗಾಳಿ ಅದೇ. ಅಮ್ಮನನ್ನು ನಡುವೆ ಕೂರಿಸಿ, ದೂರದ ಗೆರೆ ನೋಡಲು ಹೇಳಿ, ನೀವು ಅವರ ಮುಖ ನೋಡುತ್ತಾ ಇರಿ. ಬೆವರು ಬಂದು ಮುಖ ಬಿಳಿಚಿಕೊಂಡು ಆಕಳಿಕೆ ಶುರುವಾದರೆ ಅದು ವಾಂತಿಯ ಮುನ್ಸೂಚನೆ. ಏನೂ ಆಗದೆ ದ್ವೀಪದ ಕಲ್ಲುಕಂಬಗಳ ಮೇಲೆ ಮೊಮ್ಮಗನ ಕೈ ಹಿಡಿದು ನಡೆದರೆ, ವಾಪಸ್ ಬರುವ ದೋಣಿಯಲ್ಲಿ ಅವರೇ ಕಿಟಕಿ ಪಕ್ಕದ ಜಾಗ ಕೇಳಿದರೆ, ಹ್ಯಾವ್‌ಲಾಕ್‌ಗೆ ಕೆಳಗಿನ ಮಹಡಿಯ ಐದು ಸೀಟು ಬುಕ್ ಮಾಡಿ.